ಯುರೋಪಿನ ಹಳೆಯ ಊರುಗಳಿಗೆ ಹೊರಟ ಕಲಬುರಗಿಯವರಿಗೆ



ನೀವು ಡಾಕ್ಟರರಿರಬಹುದು, ಕಾಲೇಜಿನ ಅಧ್ಯಾಪಕರಿರಬಹುದು, ಗಂಜಿನಲ್ಲಿ ದಾಲ್ ಮಿಲ್ ನಡೆಸುವವರಿರಬಹುದು. ಮಗ-ಸೊಸೆ ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಕೆಲಸದಲ್ಲಿದ್ದು, ನಮ್ಮ ಬೇಸಿಗೆಯನ್ನು ಅಲ್ಲಿ ಕಳೆದು ಬರುವ ನಿವೃತ್ತರಿರಬಹುದು. ಐಫೆಲ್ ಗೋಪುರ, ಸ್ವಿಸ್ ಹಿಮ ಎಂಬ ಮೊದಲ ಸುತ್ತು ಮುಗಿದ ಮೇಲೆ ಪ್ರವಾಸಿಯ ಮನಸ್ಸು ಸಣ್ಣ ಊರುಗಳ ಕಡೆ ಹೊರಳುತ್ತದೆ: ಕೋಟೆಯೊಳಗಿನ ಕಾರ್ಕಸಾನ್, ಗೋಪುರಗಳ ಸಾನ್ ಜಿಮಿನ್ಯಾನೊ, ಸರೋವರದ ದಂಡೆಯ ಹಾಲ್‌ಸ್ಟಾಟ್. ಇದು ಒಳ್ಳೆಯ ಅಭಿರುಚಿ. ಅದನ್ನು ಹಂಗಿಸುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಶಿವರಾಮ ಕಾರಂತರು ಯುರೋಪ್ ಸುತ್ತಿ ಬಂದು ‘ಅಪೂರ್ವ ಪಶ್ಚಿಮ’ ಬರೆದ ಭಾಷೆ ನಮ್ಮದು. ಹೊರಗಿನದನ್ನು ಕಣ್ತುಂಬ ನೋಡುವುದು ನಮ್ಮಲ್ಲಿ ಯಾವತ್ತೂ ತಪ್ಪಾಗಿರಲಿಲ್ಲ. ಹೋಗಿಬನ್ನಿ. ನಾನು ಕೇಳಿಕೊಳ್ಳುವುದಿಷ್ಟು: ಆ ಊರುಗಳಿಗೆ ನೀವು ಕೊಡುವ ಸಮಯ, ಹಣ ಮತ್ತು ತಾಳ್ಮೆಯಲ್ಲಿ ಒಂದು ಪಾಲನ್ನು ನಿಮ್ಮ ಊರಿಗೂ ಕೊಡಿ. ಇದನ್ನು ಊರಭಿಮಾನದ ಮಾತಾಗಿ ಹೇಳುತ್ತಿಲ್ಲ. ನೀವು ಮೆಚ್ಚಿಬಂದ ಆ ಊರುಗಳು ಉಳಿದ ಕಥೆಯನ್ನು ಸರಿಯಾಗಿ ಓದಿದರೆ ಬೇರೆ ತೀರ್ಮಾನಕ್ಕೆ ಬರಲು ದಾರಿಯೇ ಇಲ್ಲ ಎಂಬುದು ನನ್ನ ವಾದ.

ಅಂಥ ಊರಿನಲ್ಲಿ ಪ್ರವಾಸಿ ಮಾಡುವುದಾದರೂ ಏನು? ಗಾಡಿಯನ್ನು ಊರಾಚೆ ನಿಲ್ಲಿಸಿ ನಡೆಯುತ್ತಾನೆ. ಒಂದು ಓಣಿಯಿಂದ ಇನ್ನೊಂದಕ್ಕೆ ಹೋಗುತ್ತಾನೆ, ಬಾಗಿಲ ಚೌಕಟ್ಟಿನ ಮೇಲೆ ಕೆತ್ತಿದ ಇಸವಿ ಓದುತ್ತಾನೆ, ಚೌಕದ ಬೆಂಚಿನ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರುತ್ತಾನೆ, ಊರಿನವರೇ ಮಾಡಿದ ರೊಟ್ಟಿ-ಚೀಸು ಕೊಂಡು ತಿನ್ನುತ್ತಾನೆ. ನೋಡುವುದಕ್ಕೆ ಇಂಥದ್ದೇ ದೊಡ್ಡ ಸ್ಮಾರಕ ಬೇಕೆಂದು ಹಟ ಹಿಡಿಯುವುದಿಲ್ಲ. ಇದೇ ಪ್ರವಾಸಿ ಕಲಬುರಗಿಯ ಕೋಟೆಗೆ ಹೋದರೆ ಆಗುವುದೇ ಬೇರೆ. ಊರಿಗೆ ಬಂದ ಬೀಗರನ್ನು ಕಾರಿನಲ್ಲಿ ಕರೆದೊಯ್ದು, ತೋಪಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದು, ಬಿಸಿಲು ಏರುವ ಮೊದಲೇ ಮನೆಗೆ ವಾಪಸ್. ಅರ್ಧ ಗಂಟೆಯಲ್ಲಿ ನೋಡಿದ್ದನ್ನು ‘ಅಲ್ಲೇನೂ ಇಲ್ಲ’ ಎಂದು ತೀರ್ಮಾನಿಸುವುದು ಯಾವ ನ್ಯಾಯ? ಅಷ್ಟೇ ಹೊತ್ತು ಕೊಟ್ಟರೆ ಸಾನ್ ಜಿಮಿನ್ಯಾನೊದಲ್ಲೂ ಏನೂ ಇರುವುದಿಲ್ಲ.

‘ಅಲ್ಲಿಯವರಿಗೆ ಹಳೆಯದರ ಮೇಲಿನ ಪ್ರೀತಿ ರಕ್ತದಲ್ಲೇ ಬಂದಿದೆ, ನಮ್ಮ ಜನಕ್ಕೆ ಆ ಸಂಸ್ಕಾರವಿಲ್ಲ’ ಎಂಬ ಮಾತು ನಮ್ಮಲ್ಲಿ ಬಹಳ ಓಡಾಡುತ್ತದೆ. ಇತಿಹಾಸ ಇದನ್ನು ಒಪ್ಪುವುದಿಲ್ಲ. ಫ್ರಾನ್ಸಿನ ಕಾರ್ಕಸಾನ್ ಕೋಟೆಯನ್ನು 19ನೆಯ ಶತಮಾನದ ನಡುವಿನಲ್ಲಿ ಅಲ್ಲಿನ ಸರಕಾರವೇ ಬೇಡವೆಂದು ಕೈಬಿಟ್ಟು, ಕೆಡವಿಹಾಕುವ ಹಂತಕ್ಕೆ ತಂದಿತ್ತು. ಜೋಡಿ ಕೋಟೆಗೋಡೆಗಳ ನಡುವಿನ ಜಾಗದಲ್ಲಿ ಬಡ ನೇಕಾರರು ಮನೆ ಕಟ್ಟಿಕೊಂಡಿದ್ದರು. ಕೆಡವಬಾರದೆಂದು ಮೊದಲು ದನಿ ಎತ್ತಿದವನು ಅದೇ ಊರಿನ ಇತಿಹಾಸಾಸಕ್ತ, ಕ್ರೋ-ಮೇರ್‌ವಿಯೆಯ್ ಎಂಬಾತ. ಆಮೇಲೆ ಸಾಹಿತಿ ಪ್ರಾಸ್ಪೆರ್ ಮೆರಿಮೆ ಕೈಜೋಡಿಸಿದ. 1853ರಿಂದ ವಾಸ್ತುಶಿಲ್ಪಿ ವಿಯೊಲೆ-ಲ್ಯ-ದ್ಯುಕ್ ದುರಸ್ತಿಗೆ ಇಳಿದ. ಯುನೆಸ್ಕೊ ಪಟ್ಟಿಗೆ ಅದು ಸೇರಿದ್ದು 1997ರಲ್ಲಿ. ಕ್ರಮವನ್ನು ಗಮನಿಸಿ: ಮೊದಲು ಊರಿನವನೊಬ್ಬ, ನಂತರ ದೊಡ್ಡವರು, ಆಮೇಲೆ ಸರಕಾರ, ಒಂದೂವರೆ ಶತಮಾನ ಕಳೆದ ಮೇಲೆ ನೀವು. ಕೊಲಾಂಜ್-ಲಾ-ರೂಜ್ ಎಂಬ ಕೆಂಪು ಕಲ್ಲಿನ ಪುಟ್ಟ ಹಳ್ಳಿಯದೂ ಇಂಥದೇ ಕಥೆ. ಹೊಟ್ಟೆಪಾಡಿಗಾಗಿ ಜನ ಪಟ್ಟಣ ಸೇರಿ ಬರಿದಾಗುತ್ತಿದ್ದ ಹಳ್ಳಿಗಳ ಪೈಕಿ ಅದೂ ಒಂದು. ಅಲ್ಲಿನ ಮೇಯರ್ ಶಾರ್ಲ್ ಸೆಯ್ರಾಕ್ 1982ರಲ್ಲಿ ಇತರ ಹಳ್ಳಿಗಳನ್ನು ಕೂಡಿಸಿ ‘ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು’ ಎಂಬ ಸಂಘ ಕಟ್ಟಿದರು. ಸದಸ್ಯತ್ವಕ್ಕೆ ಇಟ್ಟ ನಿಯಮ ಸರಳ: ಜನಸಂಖ್ಯೆ 2000 ಮೀರಬಾರದು, ಸಂರಕ್ಷಿತ ಸ್ಥಳ ಕನಿಷ್ಠ ಎರಡಾದರೂ ಇರಬೇಕು, ಹಳ್ಳಿಯ ಆಡಳಿತವೇ ಒಪ್ಪಿ ಮುಂದೆ ಬರಬೇಕು. ಈಗ ಜಗತ್ತು ಸುತ್ತುವವರೆಲ್ಲ ಆ ಪಟ್ಟಿ ಹಿಡಿದುಕೊಂಡು ಹೊರಡುತ್ತಾರೆ. 1982 ಬಹಳ ದೂರದ ಕಾಲವೇನಲ್ಲ. ಆಗ ಗುಲ್ಬರ್ಗಾ ವಿಶ್ವವಿದ್ಯಾಲಯಕ್ಕೆ ಎರಡು ವರ್ಷ.

ಆದ್ದರಿಂದ ರಕ್ತದ ಮಾತು ಬಿಡೋಣ. ಊರಿಗೆ ವಾರಸುದಾರರು ಎದ್ದುನಿಂತದ್ದೇ ಅಲ್ಲಿ ವ್ಯತ್ಯಾಸ ತಂದದ್ದು. ಕಾನೂನು ನಮ್ಮಲ್ಲೂ ಇದೆ. ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆ, ಅದಕ್ಕೆ 2010ರ ತಿದ್ದುಪಡಿ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧ, ಅದರಾಚೆ 200 ಮೀಟರ್ ನಿರ್ಬಂಧ. ಕಲಬುರಗಿಯ ಬಹಮನಿ ಸ್ಮಾರಕಗಳು ಬೀದರ್, ವಿಜಯಪುರ, ಹೈದರಾಬಾದುಗಳ ಜೊತೆ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು 2014ರಲ್ಲಿ. ಕಾಯ್ದೆಯೂ ಪಟ್ಟಿಯೂ ಇದ್ದು ಕೇಳುವವರಿಲ್ಲದಿದ್ದರೆ ಕಡತ ಎಲ್ಲಿದೆಯೋ ಅಲ್ಲೇ ಇರುತ್ತದೆ. ಯಾರೂ ಹೋಗದ ಜಾಗದಲ್ಲಿ ಶೌಚಾಲಯ ಏಕೆ, ಫಲಕ ಏಕೆ, ಕಾವಲುಗಾರ ಏಕೆ ಎಂದು ಯಾವ ಇಲಾಖೆಯಾದರೂ ಕೇಳುತ್ತದೆ. ‘ಸೌಕರ್ಯವಿಲ್ಲ, ಹಾಗಾಗಿ ಹೋಗುವುದಿಲ್ಲ’ ಎಂದು ನೀವು, ‘ಯಾರೂ ಬರುವುದಿಲ್ಲ, ಹಾಗಾಗಿ ಮಾಡುವುದಿಲ್ಲ’ ಎಂದು ಅವರು. ಈ ಗಂಟನ್ನು ಯಾರಾದರೊಬ್ಬರು ಮೊದಲು ಬಿಚ್ಚಬೇಕು. ಆಯ್ಕೆಯ ಅನುಕೂಲ ಇರುವವರು ನೀವು, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಕಲಬುರಗಿ ಕೋಟೆಯ ವಿಷಯ ಬಂದಾಗ ತಟ್ಟನೆ ಏಳುವ ಇನ್ನೊಂದು ಮಾತು ಒಳಗಿನ ಮನೆಗಳದ್ದು. ತಲೆಮಾರುಗಳಿಂದ ಕೋಟೆಯೊಳಗೆ ಬದುಕುತ್ತಿರುವ ಕುಟುಂಬಗಳಿವೆ, ತೆರವಿನ ಪ್ರಶ್ನೆ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ‘ಅವರನ್ನು ಎಬ್ಬಿಸಿದರೆ ಎಲ್ಲ ಸರಿಹೋಗುತ್ತದೆ’ ಎಂದು ಸುಲಭವಾಗಿ ಹೇಳುವವರಿಗೆ ದಕ್ಷಿಣ ಇಟಲಿಯ ಮಾತೇರಾ ನೆನಪಿಸಬೇಕು. ಅಲ್ಲಿನ ಸಾಸ್ಸಿ ಎಂಬ ಗುಹಾಮನೆಗಳಲ್ಲಿ ದನಕರುಗಳ ಜೊತೆಯಲ್ಲೇ ಜನ ಬದುಕುತ್ತಿದ್ದರು. ಮಲೇರಿಯಾ, ಹಸುಗೂಸುಗಳ ಸಾವು. ಇಡೀ ದೇಶಕ್ಕೆ ನಾಚಿಕೆಗೇಡೆಂದು 1952ರಲ್ಲಿ ಕಾನೂನು ತಂದು ಸುಮಾರು 15,000 ಜನರನ್ನು ಹೊಸ ಬಡಾವಣೆಗಳಿಗೆ ಕಳಿಸಿದರು. ಜನ ಹೋದದ್ದೇ ತಡ, ಖಾಲಿ ಗುಹೆಗಳು ಕುಸಿಯತೊಡಗಿದವು. ಮೂರು ದಶಕ ಬಿಟ್ಟು, 1986ರಲ್ಲಿ, ಜನ ಮರಳಿ ಬಂದು ದುರಸ್ತಿ ಮಾಡಿಕೊಂಡು ಇರಲಿ ಎಂದು ಅದೇ ಸರಕಾರ ಇನ್ನೊಂದು ಕಾನೂನು ಮಾಡಬೇಕಾಯಿತು. 1993ರಲ್ಲಿ ಅದು ವಿಶ್ವ ಪರಂಪರೆಯ ತಾಣ. 2019ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ. ಕೋಟೆಯ ನಿವಾಸಿಗಳಿಗೆ ನ್ಯಾಯಯುತ ಪುನರ್ವಸತಿ ಬೇಕೋ, ಕೆಲವು ಭಾಗದಲ್ಲಾದರೂ ಇದ್ದು ಕಾಯುವ ಹಕ್ಕು-ಹೊಣೆ ಬೇಕೋ ಎಂಬುದನ್ನು ನ್ಯಾಯಾಲಯ, ಆಡಳಿತ ಮತ್ತು ಆ ನಿವಾಸಿಗಳು ಕೂಡಿ ನಿರ್ಧರಿಸಲಿ. ಹಳೆಯ ಊರನ್ನು ಉಳಿಸುವುದೆಂದರೆ ಬಡವರಿಂದ ಖಾಲಿ ಮಾಡಿಸುವುದು ಎಂಬ ಲೆಕ್ಕ ಮಾತ್ರ ಯುರೋಪಿನಲ್ಲೇ ತಪ್ಪಿಹೋಗಿದೆ.

ಇನ್ನು, ನಡೆದು ನೋಡುವಂಥದ್ದು ಇಲ್ಲೇನಿದೆ ಎಂಬ ನೇರ ಪ್ರಶ್ನೆ. ಒಂದು ದಾರಿ ಹೇಳುತ್ತೇನೆ. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ ಬಹಮನ್ ಶಾಹ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ, 1358ರಲ್ಲಿ ತೀರಿದ. ಕೋಟೆಯ ಹೊರಗೆ, ಹತ್ತಿರದಲ್ಲೇ ಅವನ ಗೋರಿ: ತಗ್ಗಿನ ಗುಮ್ಮಟ, ಮೇಲೇರುತ್ತ ಒಳಕ್ಕೆ ವಾಲುವ ದಪ್ಪ ಗೋಡೆ, ಅಲಂಕಾರಕ್ಕೆ ಮನಸ್ಸೇ ಇಲ್ಲ. ದಿಲ್ಲಿಯ ತುಘಲಕರ ಕಟ್ಟಡದ ರೂಢಿಯನ್ನು ಹೊಸ ರಾಜ್ಯ ಹಾಗೆಯೇ ಎತ್ತಿ ತಂದಿತ್ತು. ಅಲ್ಲಿಂದ ಊರು ದಾಟಿ ಪೂರ್ವಕ್ಕೆ, ಬಹಮನಿ ಸುಲ್ತಾನರ ಗೋರಿಗಳ ಗುಂಪಾದ ಹಫ್ತ್ ಗುಂಬಜಿಗೆ ಬನ್ನಿ. 1378ರಲ್ಲಿ ಸತ್ತ ಮುಜಾಹಿದ್ ಶಾಹನ ಗೋರಿಯಲ್ಲಿ ಆ ವಾಲುಗೋಡೆ ಇನ್ನೂ ಇದೆ. ಮುಂದುವರಿದು 1422ರಲ್ಲಿ ತೀರಿದ ಫಿರೋಜ್ ಶಾಹನ ಗೋರಿಗೆ ಬಂದರೆ ಕಟ್ಟಡದ ಮಾತೇ ಬದಲಾಗಿದೆ. ಜೋಡಿ ಕೋಣೆ, ಜೋಡಿ ಗುಮ್ಮಟ, ಹೊರಗೆ ಎರಡು ಅಂತಸ್ತಿನ ಕಮಾನುಗಳು, ಒಳಗೆ ಗಚ್ಚಿನಲ್ಲಿ ಬಿಡಿಸಿದ ನಕಾಶೆ. ಬಾಗಿಲ ಹತ್ತಿರ ನಿಂತು ತಲೆ ಎತ್ತಿ ನೋಡಿ: ಮುಂಚಾಚಿದ ಕಲ್ಲಿನ ಸೂರನ್ನು ಹೊತ್ತ ಬೋದಿಗೆಗಳು ಥೇಟ್ ನಮ್ಮ ದೇವಸ್ಥಾನಗಳವು. ಅದನ್ನು ಕಡಿದ ಕೈ ದಿಲ್ಲಿಯದೂ ಅಲ್ಲ, ಇರಾನಿನದೂ ಅಲ್ಲ. ಈ ನೆಲದ ಕಲ್ಲುಕುಟಿಗನದು. ಅರವತ್ತು-ಎಪ್ಪತ್ತು ವರ್ಷಗಳಲ್ಲಿ ಒಂದು ಆಮದು ಶೈಲಿ ದಖ್ಖಣಿಯಾದ ಬಗೆಯನ್ನು ಪುಸ್ತಕದ ನೆರವಿಲ್ಲದೆ, ಒಂದು ಮುಂಜಾನೆಯ ನಡಿಗೆಯಲ್ಲಿ ಓದಬಹುದಾದ ಊರುಗಳು ಎಲ್ಲೂ ಹೆಚ್ಚಿಲ್ಲ.

ಕೋಟೆಯೊಳಗಿನ ಜಾಮಾ ಮಸೀದಿಯನ್ನು ಸ್ಪೇನಿನ ಕೊರ್ಡೋಬಾ ಮಸೀದಿಗೆ ಹೋಲಿಸುವುದು ಪ್ರವಾಸೋದ್ಯಮದ ಕರಪತ್ರಗಳ ಹಳೆಯ ಚಟ. ನನಗೆ ಈ ಹೋಲಿಕೆ ಅಷ್ಟು ಸೇರುವುದಿಲ್ಲ. ಕೊರ್ಡೋಬಾದ್ದು ಕಂಬಗಳ ಕಾಡು. ನಮ್ಮದು 1367ರಲ್ಲಿ ಕಜ್ವೀನಿನ ರಫಿ ಕಟ್ಟಿದ, ಸುಮಾರು 216 ಅಡಿ ಉದ್ದ, 176 ಅಡಿ ಅಗಲದ, ನಡುವೆ ಬಯಲು ಅಂಗಳವನ್ನೇ ಬಿಡದೆ ಪೂರ್ತಿ ಸೂರು ಹೊದಿಸಿದ ಕಟ್ಟಡ. ನಾಲ್ಕು ಮೂಲೆಗೆ ನಾಲ್ಕು ಗುಮ್ಮಟ, ಪಶ್ಚಿಮಕ್ಕೆ ಒಂದು ದೊಡ್ಡದು, ನಡುವೆ ಸಾಲುಸಾಲು ಚಿಕ್ಕವು. ಅಂಚಿನ ಓಣಿಯಲ್ಲಿ ಕಮಾನುಗಳು ನೆಲದಿಂದ ಸ್ವಲ್ಪವೇ ಮೇಲಕ್ಕೆ ಶುರುವಾಗಿ ಅಗಲಕ್ಕೆ ಹರಡಿಕೊಂಡಿವೆ. ಒಂದರ ಹಿಂದೊಂದು ಕಾಣುವಾಗ ಹೊರಗಿನ ಬಿಸಿಲು ಪಟ್ಟೆಪಟ್ಟೆಯಾಗಿ ಒಳಗೆ ಬೀಳುತ್ತದೆ. ಇಂಥದ್ದು ಭಾರತದಲ್ಲಿ ಅಪರೂಪ. ಕೊರ್ಡೋಬಾದ ತಮ್ಮ ಎನ್ನಿಸಿಕೊಳ್ಳದೆಯೂ ಅದು ನಿಲ್ಲಬಲ್ಲದು.

ಕೊರ್ಡೋಬಾ ನನಗೆ ಬೇಕಾಗುವುದು ಬೇರೆ ಎರಡು ಕಾರಣಕ್ಕೆ. ‘ಕಲಬುರಗಿಯ ಬಿಸಿಲಿನಲ್ಲಿ ಯಾರು ತಿರುಗುತ್ತಾರೆ’ ಎನ್ನುವವರು ತಿಳಿಯಲಿ: ಆ ಊರಿನಲ್ಲೂ ಬೇಸಿಗೆಗೆ 40 ಡಿಗ್ರಿ ದಾಟುವುದು ಸಾಮಾನ್ಯ. ಅಲ್ಲಿಯವರು ಮಧ್ಯಾಹ್ನ ಬಾಗಿಲು ಹಾಕಿ ಮಲಗುತ್ತಾರೆ, ಬೆಳಿಗ್ಗೆ ಮತ್ತು ಸಂಜೆ ಊರನ್ನು ತೆರೆದಿಡುತ್ತಾರೆ. ನಮಗಂತೂ ನವೆಂಬರಿನಿಂದ ಫೆಬ್ರವರಿಯವರೆಗೆ ಚಿನ್ನದಂಥ ಹವೆ. ಎರಡನೆಯದು, ‘ಅವು ನಮ್ಮವಲ್ಲ, ಬೇರೆಯವರ ಗೋರಿ’ ಎಂದು ಮುಖ ತಿರುಗಿಸುವವರಿಗೆ. ಕೊರ್ಡೋಬಾದ ಮಸೀದಿ ಸುಮಾರು ಎಂಟು ಶತಮಾನಗಳಿಂದ ಕ್ರೈಸ್ತರ ಪ್ರಾರ್ಥನಾಲಯ. ಆದರೂ ಊರಿನ ಕ್ರೈಸ್ತ ಪ್ರಜೆ ಅದನ್ನು ಮಸೀದಿ ಎಂದೇ ಕರೆದು, ತನ್ನ ಊರಿನ ಹೆಮ್ಮೆಯಾಗಿ ತೋರಿಸುತ್ತಾನೆ. ಶರಣಬಸವೇಶ್ವರರ ಜಾತ್ರೆಗೂ ಖ್ವಾಜಾ ಬಂದೇ ನವಾಜರ ಉರುಸಿಗೂ ಜನ ಹರಿದುಬರುವ ಊರಿನಲ್ಲಿ ಈ ಮಾತನ್ನು ಬೆಳೆಸುವ ಅಗತ್ಯವಿಲ್ಲ.

ಊರುಗಳ ಮಾತಾಯಿತು, ಹಳ್ಳಿಗಳದ್ದು ಇನ್ನೂ ತೂಕದ್ದು. ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೋಗುವ ನೀವು ನಿಮ್ಮ ಅಜ್ಜನ ಊರಿನ ಅಗಸಿಯನ್ನು ಗಮನಿಸಿದ್ದೀರಾ? ಅಗಸಿಯ ಎರಡೂ ಬದಿಯ ಕಟ್ಟೆ, ಒಳಗೆ ಗೌಡರ ವಾಡೆ, ಊರು ಕಾಯಲು ಕಟ್ಟಿದ ಹುಡೇವು ಎಂಬ ಗೋಪುರ, ಮೆಟ್ಟಿಲ ಬಾವಿ, ಮಣ್ಣಿನ ಮಾಳಿಗೆ, ಅಂಗಳಕ್ಕೆ ಹಾಸಿದ ಶಹಾಬಾದ್ ಪರಸಿ. ಸಾನ್ ಜಿಮಿನ್ಯಾನೊದಲ್ಲಿ ಒಂದು ಕಾಲಕ್ಕೆ 72 ಗೋಪುರಗಳಿದ್ದವಂತೆ, ಉಳಿದಿರುವುದು 14. ಆ ಹದಿನಾಲ್ಕನ್ನು ನೋಡಲು ಜಗತ್ತು ಟಿಕೆಟ್ ತೆಗೆಸುತ್ತದೆ. ನಮ್ಮ ಸೀಮೆಯಲ್ಲಿ ಹುಡೇವು ಎಷ್ಟಿದ್ದವು, ಎಷ್ಟು ಉಳಿದಿವೆ ಎಂದು ಎಣಿಸುವ ಕೆಲಸವನ್ನಾದರೂ ನಾವು ಮಾಡಬೇಕಲ್ಲವೇ? ಇದೇ ಭಾಗದ ಹೊಳಕುಂದಾದಲ್ಲಿ ಬಹಮನಿ ಕಾಲದ ಗೋರಿಗಳ ಇಡೀ ಗುಂಪೇ ಇದೆ. ದಖ್ಖಣಿ ವಾಸ್ತುವನ್ನು ಓದುವ ವಿದೇಶಿ ವಿದ್ವಾಂಸರು ಅಲ್ಲಿಗೆ ಹುಡುಕಿಕೊಂಡು ಬರುತ್ತಾರೆ. ಎಳ್ಳಮಾವಾಸ್ಯೆಗೆ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗುವ ನಮ್ಮ ಕಾರುಗಳು ಮಾತ್ರ ಆ ಗುಮ್ಮಟಗಳನ್ನು ಕಿಟಕಿಯಿಂದ ನೋಡಿ ಮುಂದೆ ಹೋಗುತ್ತವೆ.

ಇಲ್ಲಿ ಒಂದು ಆಕ್ಷೇಪ ನಿಜವಾಗಿಯೂ ಗಟ್ಟಿಯಾದದ್ದು, ಅದನ್ನು ಹಾರಿಸಿ ಹೋಗಲಾರೆ. ‘ಮಾಳಿಗೆ ಮನೆ ನೋಡುವವರಿಗೆ ಚೆಂದ, ಪ್ರತಿ ಮಳೆಗಾಲಕ್ಕೆ ಮೇಲೆ ಹತ್ತಿ ಮಣ್ಣು ಮುಚ್ಚುವವರಿಗೆ ಗೊತ್ತು ಅದರ ಕಷ್ಟ. ಆರ್‌ಸಿಸಿ ಹಾಕಿಸಿಕೊಳ್ಳಬೇಡಿ ಎನ್ನಲು ನೀವು ಯಾರು?’ ಸರಿಯಾದ ಪ್ರಶ್ನೆ. ಹಳ್ಳಿಗನನ್ನು ವಸ್ತುಸಂಗ್ರಹಾಲಯದಲ್ಲಿ ಕೂರಿಸಿ ಬೇರೆಯವರು ಫೋಟೊ ತೆಗೆಯುವುದು ಅನ್ಯಾಯ. ಫ್ರಾನ್ಸು ಈ ಪ್ರಶ್ನೆಗೆ ಕೊಟ್ಟ ಉತ್ತರ 1962ರ ಮಾಲ್ರೋ ಕಾನೂನು: ಹಳೆಯ ಬಡಾವಣೆಯನ್ನು ಇಡಿಯಾಗಿ ಸಂರಕ್ಷಿತ ಎಂದು ಗುರುತಿಸುವುದು, ಒಳಗಿನ ಮನೆಗಳನ್ನು ಇಂದಿನ ಬದುಕಿಗೆ ಒಗ್ಗುವಂತೆ ದುರಸ್ತಿ ಮಾಡಿಸುವುದು, ಖರ್ಚಿನಲ್ಲಿ ಸಾರ್ವಜನಿಕ ಬೊಕ್ಕಸವೂ ಹೆಗಲು ಕೊಡುವುದು. ಸಾರ್ಲಾ ಎಂಬ ಊರು ಹಾಗೆ ಮೊದಮೊದಲು ಎದ್ದುನಿಂತದ್ದು. ಚೆಂದವನ್ನು ಎಲ್ಲರೂ ಅನುಭವಿಸುವುದಾದರೆ ಖರ್ಚನ್ನೂ ಎಲ್ಲರೂ ಹೊರಬೇಕು. ಕಲ್ಯಾಣ ಕರ್ನಾಟಕಕ್ಕೆಂದೇ ಅಭಿವೃದ್ಧಿ ಮಂಡಳಿ ಇದೆ, ಸಂವಿಧಾನದ 371(ಜೆ) ವಿಧಿ ಇದೆ. ಮಂಡಳಿಯ ಹಣದ ಒಂದು ಸಣ್ಣ ಭಾಗ ಅಗಸಿ-ಹುಡೇವುಗಳ ದುರಸ್ತಿಗೆ ಬರಲಿ ಎಂದು ಕೇಳುವ ಧ್ವನಿ ಈವರೆಗೆ ಸಾಕಷ್ಟು ಎದ್ದಿಲ್ಲ.

ಹಣದ ಮಾತಿಗೆ ಕಮಲಾಪುರದ ಕೆಂಪು ಬಾಳೆಯನ್ನೇ ತೆಗೆದುಕೊಳ್ಳಿ. ಭೌಗೋಳಿಕ ಸೂಚಿಕೆ ಪಡೆದ ಹಣ್ಣು. ಬೇರೆ ಬಾಳೆಗಿಂತ ಫಲಕ್ಕೆ ಬರುವುದು ತಡ, ಆರೈಕೆಯೂ ಹೆಚ್ಚು, ಆದ್ದರಿಂದ ಬೆಲೆಯೂ. ಫ್ರಾನ್ಸಿನ ರೋಕ್‌ಫೋರ್ ಹಳ್ಳಿ ತನ್ನ ಚೀಸಿನ ಹೆಸರಿಗೆ ಕಾನೂನಿನ ರಕ್ಷಣೆ ಪಡೆದದ್ದು 1925ರಲ್ಲಿ. ಆ ಚೀಸು ಹದಗೊಳ್ಳುವ ಗುಹೆಗಳನ್ನೇ ನೋಡಲು ಜನ ಹೋಗುತ್ತಾರೆ. ಗುಹೆ ನೋಡಿದವರು ಚೀಸು ಕೊಳ್ಳುತ್ತಾರೆ, ಊಟ ಮಾಡುತ್ತಾರೆ, ರಾತ್ರಿ ಉಳಿಯುತ್ತಾರೆ. ಕಮಲಾಪುರದ ಹಣ್ಣಿಗೆ ಹೆಸರಿನ ರಕ್ಷಣೆ ಸಿಕ್ಕಿದೆ, ಹೆಸರಿನಿಂದ ಊರಿಗೆ ಬರಬೇಕಾದ ಅತಿಥಿಗಳು ಸಿಕ್ಕಿಲ್ಲ. ತೋಟದ ನಡಿಗೆ, ಹೊಳಕುಂದಾದ ಗುಮ್ಮಟ, ಮಧ್ಯಾಹ್ನಕ್ಕೆ ಜೋಳದ ರೊಟ್ಟಿ-ಎಣ್ಣೆಗಾಯಿ-ಶೇಂಗಾ ಹಿಂಡಿ, ಹೊರಡುವಾಗ ರೈತನ ಕೈಯಿಂದಲೇ ಒಂದು ಗೊನೆ. ಇಷ್ಟು ಸಾಕು ಒಂದು ದಿನಕ್ಕೆ. ಯುರೋಪೇ ಏಕೆ, ನೆರೆಯ ತೆಲಂಗಾಣದ ಪೋಚಂಪಲ್ಲಿ ತನ್ನ ಇಕ್ಕತ್ ನೇಯ್ಗೆಯಿಂದ 2021ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಅತ್ಯುತ್ತಮ ಹಳ್ಳಿಗಳ ಪಟ್ಟಿಗೆ ಏರಿತು. ಅತಿಯಾದರೆ ಊರೇ ಕೆಡುತ್ತದೆ ಎಂಬ ಎಚ್ಚರಿಕೆಯೂ ಇರಲಿ. ಎಂಟುನೂರರ ಆಸುಪಾಸಿನ ಜನರಿರುವ ಹಾಲ್‌ಸ್ಟಾಟ್‌ನಲ್ಲಿ 2023ರಲ್ಲಿ ಊರಿನವರೇ ಪ್ರವಾಸಿಗಳ ದಟ್ಟಣೆಯ ವಿರುದ್ಧ ಬೀದಿಗಿಳಿದರು. ವೆನಿಸ್ 2024ರಿಂದ ಒಂದು ದಿನಕ್ಕೆ ಬಂದುಹೋಗುವವರಿಗೆ ಶುಲ್ಕ ಹಾಕಿತು. ಆ ಕಷ್ಟ ನಮಗೆ ಬರಲು ಇನ್ನೂ ಬಹಳ ದೂರವಿದೆ. ಬಂದಾಗ ಊರಿನವರ ಮಾತೇ ಮೊದಲು ನಡೆಯಬೇಕು ಎಂಬುದನ್ನು ಈಗಲೇ ಒಪ್ಪಿಕೊಂಡರೆ ಸಾಕು.

ಹಾಗಾದರೆ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಮುಂದಿನ ಯುರೋಪ್ ಪ್ರವಾಸಕ್ಕೆ ಮೊದಲು, ಈ ಚಳಿಗಾಲದಲ್ಲಿ, ಎರಡು ದಿನ ತೆಗೆದಿಡಿ. ಒಂದು ದಿನ ಹಸನ್ ಶಾಹನ ಗೋರಿಯಿಂದ ಕೋಟೆ, ಮಸೀದಿ, ಹಫ್ತ್ ಗುಂಬಜ್. ಇನ್ನೊಂದು ದಿನ ಕಮಲಾಪುರ, ಹೊಳಕುಂದಾ. ಮಕ್ಕಳನ್ನು, ವಿದೇಶದಿಂದ ಬಂದ ಮೊಮ್ಮಕ್ಕಳನ್ನು ಕರೆದೊಯ್ಯಿರಿ. ಕಾರನ್ನು ದೂರ ನಿಲ್ಲಿಸಿ ನಡೆಯಿರಿ. ಗೋಡೆಯ ಮೇಲೆ ಹೆಸರು ಕೆತ್ತುವ ಹುಡುಗ ಕಂಡರೆ ಗದರದೆ, ಕೂರಿಸಿಕೊಂಡು ಮಾತಾಡಿ. ಕುಡಿಯುವ ನೀರಿಲ್ಲ, ಫಲಕವಿಲ್ಲ, ಶೌಚಾಲಯಕ್ಕೆ ಬೀಗ ಎಂದು ಕಂಡರೆ ಮನೆಗೆ ಬಂದು ಬೈಯುವುದನ್ನು ಬಿಟ್ಟು ಜಿಲ್ಲಾಧಿಕಾರಿಗಳಿಗೆ, ಪುರಾತತ್ವ ಇಲಾಖೆಗೆ ದಿನಾಂಕ ಹಾಕಿ, ಸಹಿ ಮಾಡಿ ಪತ್ರ ಬರೆಯಿರಿ. ನಾಲ್ಕು ಮನೆಯವರು ಬರೆದರೆ ಕಡತ ಅಲುಗಾಡುತ್ತದೆ. ಹಳ್ಳಿಯಲ್ಲಿ ಅಜ್ಜನ ಮನೆ ಕೆಡವಲೇಬೇಕಾದರೆ ಅದಕ್ಕೆ ಮೊದಲು ಅಳತೆ ತೆಗೆಸಿ, ಫೋಟೊ ಹಿಡಿಸಿ, ಕೆತ್ತನೆಯ ಬಾಗಿಲನ್ನು ಗುಜರಿಗೆ ಹಾಕದೆ ಹೊಸ ಮನೆಗೆ ಕೂರಿಸಿ. ಹುಡೇವು ಇರುವ ಊರಿನವರು ಪಂಚಾಯಿತಿಯ ಗ್ರಾಮಸಭೆಯಲ್ಲಿ ಅದರ ಹೆಸರನ್ನು ನಡಾವಳಿಗೆ ಬರೆಸಿ. ಅಧ್ಯಾಪಕರಾಗಿರುವವರು ಎಣಿಕೆಯ ಕೆಲಸವನ್ನು ನಿಮ್ಮ ವಿದ್ಯಾರ್ಥಿಗಳಿಗೆ ಕೊಡಿ. ಕಮಲಾಪುರ ತಾಲ್ಲೂಕಿನಿಂದಲೇ ಶುರುವಾಗಲಿ. ವೀಸಾ ಅರ್ಜಿ ತುಂಬುವಾಗ ತೋರಿಸುವ ಶಿಸ್ತಿನ ಕಾಲುಭಾಗ ಇದಕ್ಕೆ ಸಾಕು.

ಎಳ್ಳಮಾವಾಸ್ಯೆ ಬರುತ್ತಿದೆ. ಈ ಸಲ ಹೊಲದ ಊಟ ಮುಗಿಸಿ ವಾಪಸಾಗುವಾಗ ಹೊಳಕುಂದಾದಲ್ಲಿ ದಯವಿಟ್ಟು ಒಂದು ಗಂಟೆ ಇಳಿಯಿರಿ.

ಇಂತಿ,
ನಿಮ್ಮ ವಿಶ್ವಾಸದ,
ಕಲಬುರಗಿಯ ಒಬ್ಬ ಲೇಖಕ